ಗೊಂಬೆ ಹಬ್ಬದಲ್ಲಿ ಒಂದು ಪಾಳು ಮಠ

ಆಂಟಿ ಹೋದ ಸುದ್ದಿ ಬಂದಾಗ ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಅಮೆರಿಕದ ಷಾರ್ಲೆಟ್ಟಿನ ಒಂದು ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ ನನ್ನದು, ಅರ್ಧ ವಾರ ಮನೆಯಿಂದಲೇ. ಡರ್ಹಮ್‌ನಲ್ಲಿರುವ ಅವರ ಮಗ ರೋಹನ್ ಫೋನಿನಲ್ಲಿ, "ಅಮ್ಮ ಈಸ್ ಗಾನ್" ಎಂದ. ಲ್ಯಾಪ್‌ಟಾಪ್ ಮ್ಯೂಟ್ ಆಗಿದೆ ಎಂದುಕೊಂಡು ನಾನು, "ಅಯ್ಯಯ್ಯೋ, ಏನೋ ಹೇಳ್ತಿದೀಯಾ ನೀನು!" ಎಂದು ಕಿರುಚಿಬಿಟ್ಟೆ. ಮ್ಯೂಟ್ ಆಗಿರಲಿಲ್ಲ. ಪರದೆಯ ಮೇಲಿನ ಅಷ್ಟೂ ಮುಖಗಳು ಬೆಚ್ಚಿ ನನ್ನನ್ನೇ ನೋಡಿದವು. ಹಿಂದಿನ ಸಂಜೆ ತಾನೇ ಆಂಟಿ ನನ್ನ ಜೊತೆ ವಾಕಿಂಗ್ ಬಂದಿದ್ದರು, ಹೊಸದಾಗಿ ಕಟ್ಟುತ್ತಿದ್ದ ಯಾರದೋ ಮನೆಯ ಸಜ್ಜಾ ನೋಡಿ ಬೈದಿದ್ದರು. ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಕುಸಿದರಂತೆ. ಎದೆ ಬಡಿತ ನಿಂತಿತ್ತು. ಡಾಕ್ಟರಾಗಿದ್ದ ಗಂಡ ಪಕ್ಕದಲ್ಲೇ ಇದ್ದರೂ ಏನೂ ಮಾಡಲಾಗಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ನಾವ್ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಷಾರ್ಲೆಟ್ ಪಕ್ಕದ ಫೋರ್ಟ್ ಮಿಲ್‌ನ ಕನ್ನಡದವರಿಗೆಲ್ಲ ಅವರು ಆಂಟಿ, ಅವರ ಯಜಮಾನರು ಅಂಕಲ್, ಮುಗಿಯಿತು. ಮೈಸೂರಿನವರು. ಹಿಸ್ಟರಿ ಎಂ.ಎ. ಮಾಡಿ, ಡಾಕ್ಟರನ್ನು ಮದುವೆಯಾಗಿ, ಅವರ ಹಿಂದೆ ಮೊದಲು ಐರ್ಲೆಂಡಿಗೆ, ಆಮೇಲೆ ಡರ್ಹಮ್‌ಗೆ ಹೋಗಿ, ಅಂಕಲ್ ರಿಟೈರ್ ಆದ ಮೇಲೆ ನಮ್ಮ ಬೀದಿಗೆ ಬಂದಿದ್ದರು. ಕೋವಿಡ್ ವರ್ಷ ನಾವೂ ಅಲ್ಲಿಗೆ ಮನೆ ಬದಲಾಯಿಸಿದೆವು. ಯಾರೂ ಯಾರ ಮನೆಗೂ ಹೋಗದಿದ್ದ ಕಾಲ. ಮಾಸ್ಕ್ ಹಾಕಿಕೊಂಡು, ರಸ್ತೆಯ ಈ ಬದಿಯಲ್ಲಿ ನಾನು, ಆ ಬದಿಯಲ್ಲಿ ಅವರು, ಹೀಗೆ ಕೂಗಾಡಿಕೊಂಡೇ ನಮ್ಮ ಸ್ನೇಹ ಬೆಳೆಯಿತು. ಮೊದಲ ದಿನವೇ ಅವರು ಕೂಗಿ ಕೇಳಿದ್ದು, "ನಿಮ್ಮನೆ ಚಾವಣಿ ನೀರು ಎಲ್ಲಿಗೆ ಹೋಗತ್ತಮ್ಮಾ?" ಎಂದು. ಹೊಸ ನೆರೆಯವಳನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ? ನನಗೆ ಗೊತ್ತಿರಲಿಲ್ಲ. "ನೀರಿನ ದಾರಿ ಗೊತ್ತಿಲ್ದೆ ಮನೆ ತಗೊಂಡ್ಯಾ! ಶತ್ರು ಬಂದು ಕೆಡವೋದು ಆಮೇಲಿನ ಮಾತು. ಮನೆ ಕೆಡವೋದು ನೀರು" ಎಂದರು. ಮುಂದಿನ ಮಳೆಗೆ ನಮ್ಮ ಗರಾಜಿನೊಳಗೆ ನೀರು ಬಂತೆನ್ನಿ, ಅದು ಬೇರೆ ಕಥೆ.

ಯಾವ ಮಾತು ತೆಗೆದರೂ ಆಂಟಿ ಅದನ್ನು ಒಂದೇ ಜಾಗಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಐರ್ಲೆಂಡಿನಲ್ಲಿ ಅಂಕಲ್ ಕೆಲಸ ಮಾಡುತ್ತಿದ್ದ ಸಣ್ಣ ಊರಿನ ಹೊರಗೆ ಒಂದು ಪಾಳು ಬಿದ್ದ ಕ್ರೈಸ್ತ ಮಠ ಇತ್ತಂತೆ. ಸನ್ಯಾಸಿಯೊಬ್ಬರು ಬಂದು ಮೊದಲು ಮರದ ಗುಡಿಯಂಥ ಚರ್ಚು ಕಟ್ಟಿಕೊಂಡರು. ನೂರಾರು ವರ್ಷದ ಮೇಲೆ ಶಿಷ್ಯರು ಅದನ್ನೇ ಕಲ್ಲಿನಲ್ಲಿ ಕಟ್ಟಿದರು. ಮರದ ಚರ್ಚಿಗೆ ಮೂಲೆಗಳಲ್ಲಿ ದಪ್ಪ ಕಂಬ ಬೇಕಲ್ಲ, ಅದು ಆಚೆಗೆ ಚಾಚಿಕೊಂಡಿರುತ್ತಿತ್ತು. ಕಲ್ಲಿಗೆ ಆ ಕಂಬ ಬೇಡವೇ ಬೇಡ. ಆದರೂ ಪಕ್ಕದ ಗೋಡೆಗಳನ್ನು ಒಂದೊಂದು ಮೊಳ ಮುಂದಕ್ಕೆ ಚಾಚಿಯೇ ಕಟ್ಟಿದರಂತೆ. "ನಮ್ಮವರೂ ಅಷ್ಟೇ ಕಣೆ, ದೇವಸ್ಥಾನದ ಕಲ್ಲಿನ ಸೂರಿನ ಕೆಳಗೆ ಮರದ ತೊಲೆ ಕೆತ್ತಿರ್ತಾರೆ. ಅಭ್ಯಾಸ ಅನ್ನೋದು ಕಲ್ಲಿಗಿಂತ ಗಟ್ಟಿ" ಎನ್ನುತ್ತಿದ್ದರು.

ಆಮೇಲೆ ಅಲ್ಲೊಂದು ದುಂಡು ಗೋಪುರ. ತೆಳ್ಳಗೆ, ಎತ್ತರಕ್ಕೆ, ತುದಿಯಲ್ಲಿ ಕಲ್ಲಿನ ಟೋಪಿ. ಅದರ ಬಾಗಿಲು ನೆಲದ ಮಟ್ಟದಲ್ಲಿಲ್ಲ, ಆಳೆತ್ತರಕ್ಕಿಂತ ಮೇಲಿದೆ. ಕನ್ನಡ ಕೂಟದ ಕಾರ್ಯಕ್ರಮವೊಂದರಲ್ಲಿ ಆಂಟಿ ಇದರ ಸ್ಲೈಡ್ ತೋರಿಸಿದಾಗ ಒಬ್ಬರು ಎದ್ದು, ಸಮುದ್ರದಿಂದ ದರೋಡೆಕೋರರು ಬಂದಾಗ ಸನ್ಯಾಸಿಗಳು ಏಣಿ ಹತ್ತಿ ಒಳಗೆ ಸೇರಿ ಏಣಿ ಎಳೆದುಕೊಳ್ಳುತ್ತಿದ್ದರಂತಲ್ಲ, ಯೂಟ್ಯೂಬ್‌ನಲ್ಲಿ ನೋಡಿದೆ ಎಂದರು. ಆಂಟಿಗೆ ಸಿಟ್ಟೇ ಬಂತು. "ಒಳಗೆ ಮರದ ಅಟ್ಟ, ಮರದ ಏಣಿ. ಕೆಳಗಿಂದ ಒಂದು ಕೊಳ್ಳಿ ಎಸೆದ್ರೆ ಅದು ಹೊಗೆ ಕೊಳವೆ ಆಗತ್ತೆ. ಅವರೇನು ಅಷ್ಟು ದಡ್ಡರಾ? ಅದು ಗಂಟೆ ಗೋಪುರ ಸ್ವಾಮಿ. ತಳಪಾಯ ಮೊಳಕಾಲುದ್ದ ಇಲ್ಲ. ಬುಡದಲ್ಲೇ ತೂತು ಮಾಡಿದ್ರೆ ಗೋಪುರ ನಿಲ್ಲತ್ತಾ?" ಪ್ರಶ್ನೆ ಕೇಳಿದವರು ಬಿಸಿಬೇಳೆ ಬಾತಿನ ಕಡೆ ನಡೆದರು.

ಮುಂದಿನ ಶತಮಾನಗಳಲ್ಲಿ ಅಲ್ಲಿ ದೊಡ್ಡ ಚರ್ಚು ಬಂತು, ಕಮಾನು ಬಂತು, ಅಂಗಳದ ಸುತ್ತ ಕಂಬಸಾಲು ಬಂತು. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಮಠಗಳನ್ನೆಲ್ಲ ಮುಚ್ಚಿಸಿದ. ಸನ್ಯಾಸಿಗಳು ಹೋದರು, ಚಾವಣಿ ಹೋಯಿತು, ಕಲ್ಲನ್ನು ಊರಿನವರು ಹೊತ್ತು ಹಟ್ಟಿ ಕಟ್ಟಿಕೊಂಡರು. ಆದರೆ ಒಂದು ಮಾತ್ರ ನಿಲ್ಲಲಿಲ್ಲ. ಊರಿನವರು ತಮ್ಮ ಸತ್ತವರನ್ನು ಅದೇ ಮುರುಕು ಗೋಡೆಗಳ ಒಳಗೇ ತಂದು ಹೂಳುತ್ತಿದ್ದರು. ಇದನ್ನು ಹೇಳುವಾಗ ಆಂಟಿಯ ದನಿ ಸಣ್ಣದಾಗುತ್ತಿತ್ತು. ನಾನು ಅದನ್ನು ಇತಿಹಾಸದ ಮೇಲಿನ ಭಕ್ತಿ ಎಂದುಕೊಂಡಿದ್ದೆ. ನನಗೇನು ಗೊತ್ತು?

ಅವರು ಯಾವ ಕಟ್ಟಡಕ್ಕೂ ನೇರವಾಗಿ ಒಳಗೆ ಹೋದವರಲ್ಲ. ನಮ್ಮ ದೇವಸ್ಥಾನಕ್ಕೆ ಬಂದರೂ ಪಾರ್ಕಿಂಗ್ ಲಾಟಿನಲ್ಲಿ ನಿಂತು ಸೂರ್ಯ ಎಲ್ಲಿದ್ದಾನೆ ಎಂದು ನೋಡಿ, ಕೊಡೆಯ ತುದಿಯಿಂದ ದಿಕ್ಕು ತೋರಿಸಿ, "ಇದು ಪೂರ್ವ. ಆಯ್ತು, ಬಾ" ಎಂದ ಮೇಲೇ ಚಪ್ಪಲಿ ಬಿಡುವುದು. ಕಾಸ್ಟ್‌ಕೋಗೆ ಹೋದರೂ ಇದೇ. "ಆಂಟಿ, ಹಾಲು ತಗೊಂಡು ಹೋಗೋಕೆ ದಿಕ್ಕು ಯಾಕೆ?" ಎಂದು ನಾನು ರೇಗಿಸುತ್ತಿದ್ದೆ. "ದಿಕ್ಕು ಗೊತ್ತಿಲ್ದೇ ಹುಡುಕೋ ಕಷ್ಟ ನಿನಗೇನು ಗೊತ್ತು" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅಂಕಲ್ ಮಾತ್ರ ಇಂಥ ಮಾತು ಬಂದ ತಕ್ಷಣ ಎದ್ದು ಹೋಗಿ ಟಿವಿ ಹಾಕಿಕೊಳ್ಳುತ್ತಿದ್ದರು. ಹೆಂಡತಿಯ ಐರ್ಲೆಂಡ್ ಪುರಾಣ ಕೇಳಿ ಕೇಳಿ ಬೇಜಾರಾಗಿರಬೇಕು ಎಂದೇ ನಾವೆಲ್ಲ ತಿಳಿದಿದ್ದೆವು.

ಮೈಸೂರಿನವರ ಮನೆಯೆಂದ ಮೇಲೆ ದಸರಾಕ್ಕೆ ಗೊಂಬೆ ಕೂರಿಸಲೇಬೇಕು. ಆಂಟಿಯ ಮನೆಯದು ದೊಡ್ಡ ಗೊಂಬೆ. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ಚೆಟ್ಟಿಯಾರ್ ದಂಪತಿ, ದಸರಾ ಮೆರವಣಿಗೆ. ಕೆಳಗೆ ನೆಲದ ಮೇಲೆ ಟ್ರೇಗಳಲ್ಲಿ ರಾಗಿ, ಸಾಸಿವೆ ಮೊಳಕೆ ಬರಿಸಿ ಒಂದು ಪಾರ್ಕು. ಬೇರೆಯವರು ಅಲ್ಲಿ ಝೂ ಮಾಡುತ್ತಾರೆ, ಕ್ರಿಕೆಟ್ ಮೈದಾನ ಮಾಡುತ್ತಾರೆ. ಹೋದ ದಸರಾಕ್ಕೆ ಆಂಟಿ ಅಲ್ಲಿ ಕೂರಿಸಿದ್ದು ಆ ಪಾಳು ಮಠ.

ಓಟ್ಸ್ ಡಬ್ಬಗಳನ್ನು ಒಂದರ ಮೇಲೊಂದು ಅಂಟಿಸಿ ಗೋಪುರ. ಅಕ್ವೇರಿಯಂ ಕಲ್ಲಿನ ಗೋಡೆಗಳು, ಗೋಂದಿನಲ್ಲಿ ಒಂದೊಂದೇ ಕೂರಿಸಿದ್ದು. ಚಾವಣಿಯಿಲ್ಲದ ಸಣ್ಣ ಚರ್ಚು, ಒಳಗೆಲ್ಲ ಹಸಿರು ರಾಗಿ ಪೈರು. ಕಿಟಕಿಯಿರುವ ಗೋಡೆಯ ಬುಡದಲ್ಲಿ ಒಂದೇ ಒಂದು ಬಿಳಿ ಕಲ್ಲು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಮುಖ ಮುಖ ನೋಡಿಕೊಂಡರು. ನಮ್ಮ ಗುಂಪಿನಲ್ಲಿ ಶಾಸ್ತ್ರ ಸಂಪ್ರದಾಯದ ಉಸ್ತುವಾರಿ ವಹಿಸಿಕೊಂಡಿರುವ ವಸಂತಾ ಆಂಟಿ ಸುಮ್ಮನಿರಲಿಲ್ಲ.

"ಏನ್ರೀ ಇದು? ಒಂಬತ್ತು ದಿನ ದೇವಿ ಮುಂದೆ ಮುರುಕು ಮನೆ ಇಡ್ತಾರೇನ್ರೀ? ಭಿನ್ನ ಆದದ್ದು ಹಬ್ಬಕ್ಕಾಗಲ್ಲ. ಯಾರ ಮನೆ ಇದು?"

ಆಂಟಿ ಉಸಲಿ ಬಡಿಸುತ್ತಿದ್ದರು. ಸೌಟು ಕೆಳಗಿಡದೆ, ಬೇಳೆಗೆ ಉಪ್ಪು ಹಾಕಿದ್ದೀನಿ ಎನ್ನುವಷ್ಟೇ ಸಲೀಸಾಗಿ ಹೇಳಿದರು: "ನನ್ನ ಮಗಳಿದ್ದಾಳೆ ರೀ ಅಲ್ಲಿ."

ಮಗಳೇ? ಇವರಿಗಿದ್ದದ್ದು ರೋಹನ್ ಒಬ್ಬನೇ. ಅವನು ಹಬ್ಬಕ್ಕೆಂದು ಡರ್ಹಮ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ, ನೀರಿನ ಲೋಟಗಳ ಟ್ರೇ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. "ವಾಟ್?" ಎಂದ. "ಅಮ್ಮಾ, ಏನು ಹೇಳ್ತಾ ಇದೀಯಾ? ವಾಟ್ ಡಾಟರ್?"

ಆಂಟಿ ಕೂತುಕೊಂಡರು. ಹೇಳಿದರು. ಐರ್ಲೆಂಡಿಗೆ ಹೋದ ಮರುವರ್ಷ ಹೆಣ್ಣು ಮಗು ಹುಟ್ಟಿತು. ನಾಮಕರಣದ ತನಕ ಉಳಿಯಲಿಲ್ಲ. ನಮ್ಮಲ್ಲಿ ಹಸುಗೂಸುಗಳನ್ನು ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಆ ದೇಶದಲ್ಲಿ ಯಾರನ್ನು ಕೇಳುವುದು? ಅಂಕಲ್‌ರ ಆಸ್ಪತ್ರೆಯ ನರ್ಸೊಬ್ಬರ ಅಣ್ಣ ಆ ಪಾಳು ಮಠದ ಸ್ಮಶಾನ ನೋಡಿಕೊಳ್ಳುತ್ತಿದ್ದ, ತನ್ನಿ ಎಂದ. ಹೆಂಗಸು, ಅದೂ ಬಾಣಂತಿ, ಸ್ಮಶಾನಕ್ಕೆ ಬರಬಾರದು ಎಂದು ಮೈಸೂರಿನಿಂದ ಅತ್ತೆ ಫೋನಿನಲ್ಲಿ ಹೇಳಿದರು. ಅಂಕಲ್ ಒಬ್ಬರೇ ಮಗುವನ್ನು ಎತ್ತಿಕೊಂಡು ಹೋದರು, ಗುದ್ದಲಿ ಕೊಟ್ಟ ಆ ಅಣ್ಣನನ್ನೂ ಗೇಟಿನಲ್ಲೇ ನಿಲ್ಲಿಸಿ ತಾವೇ ಮಣ್ಣು ಮಾಡಿ, ಒಬ್ಬರೇ ವಾಪಸ್ ಬಂದರು. "ಎಲ್ಲಿ?" ಎಂದು ಆಂಟಿ ಕೇಳಿದ್ದಕ್ಕೆ, "ಸಣ್ಣ ಚರ್ಚ್ ಒಳಗೆ, ದಕ್ಷಿಣದ ಗೋಡೆ ಬುಡ" ಎಂದರು. ಅಷ್ಟೇ. ಒಂದು ಸಲ ಬಂದು ತೋರಿಸಿ ಎಂದು ಆಂಟಿ ಅತ್ತು ಕರೆದರೂ ಅಂಕಲ್ ಆ ಕಡೆ ಮತ್ತೆ ಕಾಲಿಡಲಿಲ್ಲ. ಹೇಳಿದೀನಲ್ಲ ಎನ್ನುವರು, ಎದ್ದು ಹೋಗುವರು.

ಆಂಟಿ ಒಬ್ಬರೇ ಹೋದರು. ಅಲ್ಲಿ ಒಂದಲ್ಲ, ಮೂರು ಚರ್ಚಿನ ಗೋಡೆಗಳಿದ್ದವು, ಎಲ್ಲ ಪಾಳು. ಯಾವುದು ಮೊದಲಿನದು, ಯಾವುದು ಆಮೇಲೆ ಸೇರಿಸಿದ್ದು, ಯಾವುದನ್ನು ಸಣ್ಣ ಚರ್ಚು ಎನ್ನಬೇಕು? ಮೋಡ ಮುಚ್ಚಿದ ಆಕಾಶದಲ್ಲಿ ದಕ್ಷಿಣ ಎಲ್ಲಿ? ಊರಿನ ಲೈಬ್ರರಿಗೆ ಹೋಗಿ ಪುಸ್ತಕ ತಂದರು. ಕಲ್ಲು ಜೋಡಿಸಿದ ರೀತಿ ನೋಡಿ ಕಾಲ ಹೇಳುವುದು ಕಲಿತರು. ಆ ಊರಲ್ಲಿದ್ದಷ್ಟೂ ವರ್ಷ ಪ್ರತಿ ಭಾನುವಾರ ಹೋಗಿ, ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು, ಕಿಟಕಿಯ ಕೆಳಗೆ ಕೂತು ಬರುತ್ತಿದ್ದರು. ನಾವು ಸ್ಲೈಡುಗಳಲ್ಲಿ ನೋಡಿ ಆಕಳಿಸಿದ ವಿದ್ಯೆ ಅದು. ತಾಯಿ ತನ್ನ ಕೂಸನ್ನು ಹುಡುಕಲು ಕಲಿತದ್ದು.

ವಸಂತಾ ಆಂಟಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಟಿವಿ ಕೋಣೆಯಿಂದ ಅಂಕಲ್ ಯಾವಾಗ ಬಂದು ನಿಂತಿದ್ದರೋ ಯಾರೂ ನೋಡಿರಲಿಲ್ಲ. ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದು, ಮಂಡಿ ನೋವಿದ್ದರೂ ನೆಲದ ಮೇಲೆ ಕೂತು, ಆ ಸಣ್ಣ ಚರ್ಚನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ಚಾಚಿದರು.

"ಇಲ್ಲಲ್ಲ ಕಣೆ."

"ಏನು ಇಲ್ಲಲ್ಲ?" ಎಂದರು ಆಂಟಿ.

"ಕಲ್ಲು ಇಲ್ಲಿಟ್ಟಿದೀಯಲ್ಲ, ಇಲ್ಲಲ್ಲ. ಬಾಗಿಲಿಂದ ಒಳಗೆ ಹೋದ್ರೆ ಎಡಗಡೆ. ಈ ಗೋಡೆ. ಕಿಟಕಿ ಇರ್ಲಿಲ್ಲ ಅಲ್ಲಿ."

"ಎಡಗಡೆ ಉತ್ತರ ಆಗತ್ತೆ ರೀ. ನೀವು ದಕ್ಷಿಣ ಅಂದ್ರಿ."

"ಬಾಗಿಲು ಪೂರ್ವಕ್ಕೆ ಇರತ್ತಲ್ವಾ? ಪೂರ್ವದ ಬಾಗಿಲಲ್ಲಿ ಒಳಗೆ ಹೋದ್ರೆ ಎಡಗಡೆ ದಕ್ಷಿಣ ತಾನೇ?"

"ಅದು ನಮ್ಮ ದೇವಸ್ಥಾನ ರೀ" ಎಂದರು ಆಂಟಿ ಮೆಲ್ಲಗೆ. "ಚರ್ಚಲ್ಲಿ ಪೂಜೆ ಮಾಡೋ ಜಾಗ ಪೂರ್ವಕ್ಕೆ. ಬಾಗಿಲು ಪಶ್ಚಿಮಕ್ಕೆ."

ಯೋಚಿಸಿ ನೋಡಿ. ಮೋಡ ಕವಿದ ದಿನ, ಕೈಯಲ್ಲಿ ಸತ್ತ ಕೂಸು, ಕಣ್ಣಲ್ಲಿ ನೀರು. ಮೈಸೂರಿನ ಯುವಕನೊಬ್ಬ ಗೊತ್ತಿಲ್ಲದ ಬಾಗಿಲೊಂದನ್ನು ದಾಟುವಾಗ ದೇವರ ಮನೆಯ ಬಾಗಿಲು ಪೂರ್ವಕ್ಕೇ ಇರುತ್ತದೆ ಎಂದುಕೊಂಡ. ನಮ್ಮಲ್ಲಿ ಯಾರಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆವು. ಅಷ್ಟೇ ತಪ್ಪು. ಆಂಟಿ ಅಷ್ಟೂ ವರ್ಷ ಎದುರು ಗೋಡೆಗೆ ಒರಗಿ ಕೂತು, ಯಾರದೋ ಸಮಾಧಿಗೆ ಹೂವಿಟ್ಟು, ಹಾಡು ಹೇಳಿ ಬಂದಿದ್ದರು. ಮಗು ನಾಲ್ಕು ಹೆಜ್ಜೆ ಆಚೆ ಇತ್ತು.

ಗಂಡನನ್ನು ಬೈಯುತ್ತಾರೆ, ಕಿರುಚುತ್ತಾರೆ ಎಂದು ನಾನು ಹೆದರಿದೆ. ನಾನಾಗಿದ್ದರೆ ಆ ಓಟ್ಸ್ ಡಬ್ಬ ಎತ್ತಿ ತಲೆಗೆ ಹೊಡೆಯುತ್ತಿದ್ದೆ, ಸುಳ್ಳೇಕೆ ಹೇಳಲಿ. ಆಂಟಿ ಬಿಳಿ ಕಲ್ಲನ್ನು ಎತ್ತಿ, ರಾಗಿ ಪೈರು ತುಳಿಯದ ಹಾಗೆ ಕೈ ಚಾಚಿ, ಎಡಗಡೆ ಗೋಡೆಯ ಬುಡಕ್ಕೆ ಇಟ್ಟರು. "ಅದಕ್ಕೇ ಕಿಟಕಿ ಇಲ್ಲ. ಉತ್ತರದ ಕಡೆ ಅವರು ಕಿಟಕಿ ಇಡಲ್ಲ, ಚಳಿ ಗಾಳಿ ಬರತ್ತೆ ಅಂತ" ಎಂದರು. ಪಕ್ಕದ ಪೈರನ್ನು ಬೆರಳಿಂದ ಸರಿಸಿ, "ಬೆಳಕೂ ಬೀಳಲ್ಲ ಅಲ್ಲಿ" ಎಂದರು. ರೋಹನ್ ಟ್ರೇ ಇಟ್ಟು ಬಂದು ಅಮ್ಮನನ್ನು ತಬ್ಬಿಕೊಂಡ. ನಾವೆಲ್ಲ ಬಾಗಿನ ತೆಗೆದುಕೊಂಡು ಸದ್ದಿಲ್ಲದೆ ಹೊರಟೆವು. ಪಾರ್ಕಿಂಗ್‌ವರೆಗೂ ಒಬ್ಬರೂ ಮಾತಾಡಲಿಲ್ಲ, ನಮ್ಮ ಜನ ಹಾಗೆ ಇರುವುದನ್ನು ನಾನು ಕಂಡಿದ್ದು ಅದೇ ಮೊದಲು.

ಹಬ್ಬ ಮುಗಿದ ಮೇಲೆ ಆಂಟಿ ಬದಲಾದರು. ತಮ್ಮ ಮಂಡಿಗೂ ಫಿಸಿಯೋ ಶುರು ಮಾಡಿದರು. ಮೇ ತಿಂಗಳಿಗೆ ರೋಹನ್ ಜೊತೆ ಐರ್ಲೆಂಡಿಗೆ ಟಿಕೆಟ್. "ಒಂದು ದಿನ ಎಡಗಡೆ ಕೂತು ಬರ್ತೀನಿ ಕಣೆ, ಸಾಕು" ಎನ್ನುತ್ತಿದ್ದರು. ನೀವೂ ಬನ್ನಿ ಎಂದು ಅಂಕಲ್‌ಗೆ ದಿನಾ ಹೇಳುತ್ತಿದ್ದರು. ಅವರು ಟಿವಿ ಜೋರು ಮಾಡುತ್ತಿದ್ದರು. ಒಂದು ಭಾನುವಾರ ನನ್ನ ಎದುರಿನಲ್ಲೇ, ದೋಸೆ ತಿನ್ನುತ್ತಿದ್ದ ಅಪ್ಪ ಮಗನಿಗೆ ಆಂಟಿ ಹೇಳಿದರು: "ಅಷ್ಟರೊಳಗೆ ನಂಗೇನಾದ್ರೂ ಆದ್ರೆ ಸುಡೋದು ಸುಡಿ. ಬೂದಿ ಮಾತ್ರ ಹೊಳೆಗೆ ಬಿಡಬೇಡಿ. ಅವಳ ಪಕ್ಕ ಇಡಿ."

"ಬೆಳಗ್ಗೆ ಬೆಳಗ್ಗೆ ಏನು ಮಾತು ಅಂತ ಆಡ್ತೀಯೆ" ಎಂದು ಅಂಕಲ್ ತಟ್ಟೆ ಸರಿಸಿ ಎದ್ದರು.

ಫೆಬ್ರವರಿಯಲ್ಲಿ ಆಂಟಿ ಹೋದರು. ಮೇ ಬರಲಿಲ್ಲ.

ದಹನ ಷಾರ್ಲೆಟ್‌ನಲ್ಲಾಯಿತು. ಅಸ್ಥಿ ಮನೆಯೊಳಗೆ ಇಡಬಾರದು ಎಂದು ವಸಂತಾ ಆಂಟಿ ಹೇಳಿದ್ದರಿಂದ ಅಂಕಲ್ ಅದನ್ನು ಗರಾಜಿನಲ್ಲಿ, ಹುಲ್ಲು ಕತ್ತರಿಸುವ ಮಷೀನಿನ ಮೇಲಿನ ಶೆಲ್ಫಿನಲ್ಲಿಟ್ಟಿದ್ದರು. ಕಾರು ತೆಗೆಯಲು ಹೋದ ರೋಹನ್ ಬಿಳಿಚಿಕೊಂಡು ಒಳಗೆ ಬಂದ. "ಅಪ್ಪಾ, ಯು ಕೆಪ್ಟ್ ಅಮ್ಮ ಇನ್ ದ ಗರಾಜ್?" ಎಂದು ಕೂಗಿದ. ನಾನು ತಂದಿದ್ದ ಸಾರಿನ ಡಬ್ಬ ಹಿಡಿದುಕೊಂಡು ನಿಂತೇ ಇದ್ದೆ.

"ಶಾಸ್ತ್ರ ಕಣೋ ಅದು. ಮುಂದಿನ ವಾರ ಶ್ರೀರಂಗಪಟ್ಟಣಕ್ಕೆ ತಗೊಂಡು ಹೋಗ್ತೀನಿ. ಕಾವೇರಿಗೆ ಬಿಡಬೇಕು. ಅವಳಿಗೆ ಮುಕ್ತಿ ಬೇಡ್ವಾ?"

"ಅಮ್ಮ ಹೇಳಿದ್ದು ನಿಂಗೆ ಕೇಳ್ಲಿಲ್ವಾ? ಶಿ ವಾಂಟೆಡ್ ಒನ್ ಥಿಂಗ್. ಒಂದೇ ಒಂದು."

ರೋಹನ್ ಹಟ ಬಿಡುವವನಲ್ಲ, ತಾಯಿಯ ಮಗ. ಆ ಊರಿನ ಸ್ಮಶಾನ ನೋಡಿಕೊಳ್ಳುವವರ ನಂಬರ್ ಹುಡುಕಿ, ಊಟದ ಮೇಜಿನ ಮೇಲೆ ಸ್ಪೀಕರ್‌ನಲ್ಲಿ ಫೋನ್ ಹಚ್ಚಿದ. ವಯಸ್ಸಾದ ಹೆಂಗಸಿನ ದನಿ, ಇಂಗ್ಲಿಷ್ ಆದರೂ ಅರ್ಧ ಅರ್ಥವಾಗದಷ್ಟು ಬಿರುಸು. ವಿಷಯ ಕೇಳಿ ಆಕೆ ಮರುಗಿದಳು. ಆದರೆ ಅದು ಈಗ ಮುಚ್ಚಿದ ಸ್ಮಶಾನ, ಹೊಸಬರಿಗೆ ಜಾಗವಿಲ್ಲ ಎಂದಳು. ಅಲ್ಲಿ ಆಗಲೇ ತಮ್ಮವರು ಮಲಗಿರುವ ಮನೆತನದವರಿಗೆ ಮಾತ್ರ ಹಕ್ಕು. ನಿಮ್ಮವರು ಯಾರಾದರೂ ಅಲ್ಲಿದ್ದಾರೆಯೇ ಎಂದು ಕೇಳಿದಳು.

ಅಂಕಲ್ ಮೇಜಿನ ಬಟ್ಟೆಯನ್ನೇ ನೋಡುತ್ತಿದ್ದರು. ರೋಹನ್ ಫೋನಿನ ಮೇಲೆ ಬಗ್ಗಿ, "ಇದ್ದಾಳೆ. ನನ್ನ ಅಕ್ಕ" ಎಂದ ಇಂಗ್ಲಿಷಿನಲ್ಲಿ. ಆ ಸಂಬಂಧದ ಹೆಸರನ್ನು ಅವನು ಬಾಯಲ್ಲಿ ಹೇಳಿದ್ದು ಹುಟ್ಟಿದಾರಭ್ಯ ಅದೇ ಮೊದಲು.

ಆಕೆ ಕಾಗದ ತಿರುವುವ ಸದ್ದು ಕೇಳಿಸಿತು. ಆ ಕಾಲದಲ್ಲಿ ಹಸುಳೆಗಳನ್ನು ದಾಖಲೆಗೆ ಸೇರಿಸುತ್ತಿರಲಿಲ್ಲವಪ್ಪಾ ಎಂದಳು. ಅಲ್ಲದೆ ಅದು ಸಂರಕ್ಷಿತ ಸ್ಮಾರಕ, ಸಿಕ್ಕಸಿಕ್ಕಲ್ಲಿ ಅಗೆಯುವ ಹಾಗಿಲ್ಲ. ಒಪ್ಪಿಗೆ ಕೇಳಿ ನೋಡುತ್ತೇನೆ, ಆದರೆ ಆ ದಿನ ಅಲ್ಲಿದ್ದವರು ಯಾರಾದರೂ ಬದುಕಿದ್ದಾರೆಯೇ? ಹೇಳಿದರೆ ಸಾಲದು, ಅವರೇ ಬಂದು ಜಾಗ ತೋರಿಸಬೇಕು.

ರೋಹನ್ ಅಪ್ಪನ ಕಡೆ ನೋಡಿದ. ನಾನೂ ನೋಡಿದೆ. ಬೇರೆ ಯಾರಿದ್ದಾರೆ? ಇಡೀ ಭೂಮಿಯಲ್ಲಿ ಆ ಜಾಗ ಗೊತ್ತಿದ್ದದ್ದು ಇವರೊಬ್ಬರಿಗೆ.

ಅಂಕಲ್ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. "ನಾನು ಅವಳ ತಂದೆ" ಎಂದರು ಇಂಗ್ಲಿಷಿನಲ್ಲೇ. "ನಾನೇ ಮಣ್ಣು ಮಾಡಿದ್ದು. ಬರ್ತೀನಿ. ಬಂದು ತೋರಿಸ್ತೀನಿ."

ಆಕೆ ಒಳ್ಳೆಯದಾಗಲಿ ಎಂದು ಫೋನ್ ಇಟ್ಟಳು. ಅಂಕಲ್ ನಮ್ಮಿಬ್ಬರ ಮುಖವನ್ನೂ ನೋಡಿ, ಅದೇ ಆಗ ತಿಳಿದವರಂತೆ ಕೇಳಿದರು:

"ಬಂದು ತೋರಿಸಿ ಅಂತ. ಅವಳೂ ಇಷ್ಟೇ ಅಲ್ವೇನೋ ನನ್ನ ಕೇಳಿದ್ದು?"